ದೇವರಿಗೆ ಹೊಗಳಿಕೆ ಏಕೆ ಸರ್?

ಕಳೆದ ಮೇ ತಿಂಗಳಲ್ಲಿ ಉಜಿರೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ತಲೆ ನರೆತ ಗೃಹಸ್ಥರೊಬ್ಬರು ಹತ್ತಿರ ಬಂದು, "ಗುರ್ತ ಸಿಕ್ಕಿತಾ ಸರ್?" ಎಂದರು. ಮುಖ ಪರಿಚಿತ, ಹೆಸರು ಮಾತ್ರ ನೆನಪಿಗೆ ಬರಲಿಲ್ಲ. ಅವನೇ ಹೇಳಿದ: "ನೀವು ಒಂಬತ್ತನೆಯ ತರಗತಿಯಲ್ಲಿ ನನ್ನ ಒಂದು ಪ್ರಶ್ನೆಗೆ ಉತ್ತರ ಕೊಡದೆ ಕುಳ್ಳಿರಿಸಿದ್ದೀರಿ. ಇನ್ನೂ ಬಾಕಿ ಇದೆ!" ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ಮೂಡಬಿದಿರೆಗೆ ಹಿಂದಿರುಗುವ ಬಸ್ಸಿನಲ್ಲಿ ಕುಳಿತಾಗ ನಗು ಇಳಿದುಹೋಯಿತು. ಆ ಪ್ರಶ್ನೆ ನನಗೆ ಚೆನ್ನಾಗಿ ನೆನಪಿತ್ತು. ಆ ವಿದ್ಯಾರ್ಥಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ಅವನಿಗೇ ತಿಳಿಯುತ್ತದೆ.

ಅದು 1986ರ ಮಳೆಗಾಲ. ಬೆಳ್ತಂಗಡಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಂಡಿತನಾಗಿದ್ದೆ. ಹಳಗನ್ನಡ ಕಾವ್ಯಗಳ ಆರಂಭದಲ್ಲಿ ಬರುವ ಇಷ್ಟದೇವತಾ ಸ್ತುತಿಯ ವಿಚಾರ ಹೇಳುತ್ತಿದ್ದೆ. ಕವಿ ಜೈನನಾಗಿರಲಿ, ವೀರಶೈವನಾಗಿರಲಿ, ಬ್ರಾಹ್ಮಣನಾಗಿರಲಿ, ಕತೆಗೆ ಕೈ ಹಾಕುವ ಮೊದಲು ತನ್ನ ದೇವರನ್ನು ಹೊಗಳದೆ ಮುಂದೆ ಹೋಗುತ್ತಿರಲಿಲ್ಲ ಎಂದೆ. ಹಿಂದಿನ ಬೆಂಚಿನಿಂದ ಈ ಹುಡುಗ ಎದ್ದು ನಿಂತ. "ಸರ್, ಊರಿನ ಪಟೇಲರನ್ನು ಹೊಗಳಿದರೆ ಕೆಲಸ ಆಗುತ್ತದೆ. ದೇವರಿಗೂ ಹೊಗಳಿಕೆ ಬೇಕಾ? ಹೊಗಳದಿದ್ದರೆ ಅವನಿಗೇನು ಕಡಿಮೆಯಾಗುತ್ತದೆ?" ತರಗತಿಯೆಲ್ಲ ನಗಾಡಿತು. ನಾನು, "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದೆ.

ಮಕ್ಕಳೇ, ಇಂದು ಒಪ್ಪಿಕೊಳ್ಳುತ್ತೇನೆ. ನನ್ನಲ್ಲಿ ಉತ್ತರವಿರಲಿಲ್ಲ. ಪ್ರತಿ ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವ, ಪ್ರತಿ ಸಂಜೆ ಮನೆಯಲ್ಲಿ ಜಪಮಾಲೆ ಹೇಳಿಸುವ ಕ್ರೈಸ್ತ ನಾನು. ಆದರೂ ದೇವರನ್ನು ಸ್ತುತಿಸುವುದೆಂದರೇನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದುದು ಬೇಡುವುದು ಮಾತ್ರ. ಆ ಪಾಠವನ್ನು ನಾನು ಕಲಿತದ್ದು ಬಹಳ ತಡವಾಗಿ, ಮೂರು ಊರುಗಳಲ್ಲಿ, ಮೂರು ತರಗತಿಗಳಲ್ಲಿ.

ಮೊದಲನೆಯ ತರಗತಿ ಬಂಟ್ವಾಳದ್ದು. ನೇತ್ರಾವತಿಯ ದಂಡೆಗೆ ಹತ್ತಿರವೇ ನಮ್ಮ ಮನೆ, ಎರಡು ತುಂಡು ಗದ್ದೆ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಗರ್ಜಿಯಲ್ಲಿ ಲ್ಯಾಟಿನ್. ನಾನು ಹುಡುಗನಾಗಿದ್ದಾಗ ಬಲಿಪೂಜೆಯ ಸ್ತುತಿಗೀತೆಗಳೆಲ್ಲ ಲ್ಯಾಟಿನ್ನಿನಲ್ಲಿದ್ದವು. ಅರ್ಥ ತಿಳಿಯದೆ ಗಟ್ಟಿಯಾಗಿ ಹಾಡುತ್ತಿದ್ದೆವು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಆರಾಧನಾ ವಿಧಿಯ ಶಾಸನವನ್ನು ಹೊರಡಿಸಿ ಜನರ ಭಾಷೆಗೆ ದಾರಿ ತೆರೆದ ಮೇಲೆ ಕೊಂಕಣಿ ಪೂಜೆ ಬಂದಿತು. ಅರ್ಥವಾದಾಗ ಆಶ್ಚರ್ಯವಾಯಿತು: ಅಷ್ಟು ಕಾಲ ನಾವು ಹಾಡುತ್ತಿದ್ದುದರಲ್ಲಿ ಬೇಡಿಕೆಗಿಂತ ಹೊಗಳಿಕೆಯೇ ಹೆಚ್ಚು!

ಆದರೆ ನನ್ನ ತಾಯಿಗೆ ಲ್ಯಾಟಿನ್ ಬೇಕಾಗಿರಲಿಲ್ಲ. ಅವಳ ಸ್ತುತಿ ಸೆಪ್ಟೆಂಬರ್ ತಿಂಗಳಲ್ಲಿತ್ತು. ಮಾತೆ ಮರಿಯಳ ಜನ್ಮದಿನವಾದ ಸೆಪ್ಟೆಂಬರ್ 8 ನಮ್ಮ ಮೊಂತಿ ಹಬ್ಬ. ಬಂಟ್ವಾಳ ತಾಲೂಕಿನ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಗೋವೆಯ ಗುರು ಜೋಕಿಂ ಮಿರಾಂದರು ಈ ಹಬ್ಬವನ್ನು ಆರಂಭಿಸಿದರೆಂದು ಹೇಳುತ್ತಾರೆ. ಹಬ್ಬಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂವು ತಂದು ಬಾಲೆ ಮರಿಯಳ ಮೂರ್ತಿಯ ಮುಂದೆ ಎರಚುತ್ತಾ ಹಾಡುತ್ತಾರೆ. ಬೇಲಿಯ ದಾಸವಾಳ, ಗೌರಿ ಹೂ, ಸೇವಂತಿಗೆ, ಹೂವು ಸಿಗದಿದ್ದರೆ ಬಣ್ಣದ ಎಲೆ, ಎಲ್ಲವೂ ನಡೆಯುತ್ತದೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಹೂ ತಂದ ಮಕ್ಕಳಿಗೆ ಕಬ್ಬು. ಮನೆಗೆ ತಂದ ತೆನೆಯ ಕಾಳನ್ನು ಸುಲಿದು, ಪುಡಿ ಮಾಡಿ, ಹಾಲಿನಲ್ಲಿ ಕಲಸಿ, ಪ್ರಾರ್ಥನೆಯಾದ ಮೇಲೆ ಹಿರಿಯರಿಂದ ಕಿರಿಯರವರೆಗೆ ಎಲ್ಲರೂ ಸೇವಿಸುವುದೇ 'ನೊವೆಂ'. ಅಂದು ಬಾಳೆಯೆಲೆಯಲ್ಲಿ ತರಕಾರಿಯ ಊಟ ಮಾತ್ರ. ಪಲ್ಯಗಳು ಮೂರೋ ಐದೋ ಏಳೋ, ಬೆಸ ಸಂಖ್ಯೆಯಲ್ಲಿ. ಮುಂಬಯಿಯಲ್ಲೋ ಕುವೈತಿನಲ್ಲೋ ಇರುವವರಿಗೆ ಲಕೋಟೆಯಲ್ಲಿ ಕೆಲವು ಕಾಳು ಹೋಗುತ್ತಿತ್ತು. ಈ ಪುಟ ಓದುವ ನನ್ನ ಬಂಧುಗಳಲ್ಲಿ ಕೆಲವರಾದರೂ ಆ ಲಕೋಟೆಯನ್ನು ಬಿಡಿಸಿದವರೇ.

1974ರ ನೆರೆಯನ್ನು ಬಂಟ್ವಾಳದವರು ಇಂದಿಗೂ ಮರೆತಿಲ್ಲ. ನೇತ್ರಾವತಿ ಪೇಟೆಗೆ ನುಗ್ಗಿದ ವರ್ಷ ಅದು. ನಮ್ಮ ಎರಡು ಗದ್ದೆಗಳ ಮೇಲೆ ಮೊಣಕಾಲೆತ್ತರ ಮರಳು ಕುಳಿತಿತು. ನೆಟ್ಟ ನೇಜಿಯ ಒಂದು ಎಸಳೂ ಕಾಣಲಿಲ್ಲ. ಸೆಪ್ಟೆಂಬರ್ ಬಂದಾಗ ತಂದೆಯವರು, "ಈ ವರ್ಷ ಎಂಥ ನೊವೆಂ? ನಮ್ಮ ಗದ್ದೆಯಲ್ಲಿ ಕಾಳಿಲ್ಲ" ಎಂದರು. ಅಮ್ಮ ಒಲೆಯ ಮುಂದಿನಿಂದ ಏಳದೆ ಕೊಂಕಣಿಯಲ್ಲಿ ಒಂದೇ ಮಾತು ಹೇಳಿದಳು: "ಭಾತ್ ಗೆಲೆಂ. ದೇವ್ ಖಂಯ್ ಗೆಲಾ?" ಭತ್ತ ಹೋಯಿತು, ದೇವರು ಎಲ್ಲಿಗೆ ಹೋದ? ಇಗರ್ಜಿಯಲ್ಲಿ ಕೊಟ್ಟ ತೆನೆಯನ್ನು ತಂದು, ಕಾಳನ್ನು ಎಣಿಸಿ ಸುಲಿದು, ಸಾಲ ತಂದ ಹಾಲಿನಲ್ಲಿ ಕಲಸಿ ಏಳು ಮಂದಿಗೂ ಒಂದೊಂದು ಚಮಚ ಕೊಟ್ಟಳು. ಆಗಷ್ಟೇ ಅಧ್ಯಾಪಕ ತರಬೇತಿ ಮುಗಿಸಿದ್ದ ನನಗೆ ಅದು ಹಳೆಯ ಕಾಲದ ಹಠವಾಗಿ ಕಂಡಿತು. ಎದುರು ಮಾತನಾಡಲಿಲ್ಲ, ಆದರೆ ಒಳಗೊಳಗೇ ಸಿಟ್ಟಾಗಿದ್ದೆ. ಮರಳು ತೆಗೆಯುವ ಕೂಲಿಗೆ ದುಡ್ಡು ಬೇಡುವ ಬದಲು ಈಕೆ ದೇವರಿಗೆ ಹಾಡು ಹೇಳುತ್ತಾಳಲ್ಲ ಎಂದು.

ಎರಡನೆಯ ತರಗತಿ ಬೆಳ್ತಂಗಡಿಯದು. ಆ ತಾಲೂಕಿನ ಘಟ್ಟದ ತಪ್ಪಲಿನಲ್ಲಿ ಕೇರಳದಿಂದ ವಲಸೆ ಬಂದು ರಬ್ಬರು, ಕರಿಮೆಣಸು ಬೆಳೆಸಿದ ಸಿರಿಯನ್ ಕ್ರೈಸ್ತ ಕುಟುಂಬಗಳು ಬಹಳ. 1999ರಲ್ಲಿ ಅವರಿಗಾಗಿಯೇ ಬೆಳ್ತಂಗಡಿಯಲ್ಲಿ ಸೀರೊ ಮಲಬಾರ್ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ನಮ್ಮ ಶಾಲೆಯ ಗಣಿತದ ಮಾಸ್ತರರು ಆ ಸಮುದಾಯದವರು. ಒಂದು ಸಂಜೆ ವಿಪರೀತ ಮಳೆ, ಹೊಳೆ ತುಂಬಿ ಬಸ್ಸು ನಿಂತಿತು. ಅವರ ಮನೆಯಲ್ಲೇ ಉಳಿದೆ. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಚಾಪೆಯ ಮೇಲೆ ಕುಳಿತು ಪ್ರಾರ್ಥಿಸಿದರು. ಮುಗಿದೊಡನೆ ಮಕ್ಕಳು ಒಬ್ಬೊಬ್ಬರಾಗಿ ಅಜ್ಜಿಯ ಬಳಿ ಹೋಗಿ ಕೈ ಮುಗಿದು, "ಈಶೋ ಮಿಶಿಹಾಯ್ಕು ಸ್ತುತಿಯಾಯಿರಿಕ್ಕಟ್ಟೆ" ಎಂದರು. ಯೇಸು ಕ್ರಿಸ್ತನಿಗೆ ಸ್ತುತಿಯಾಗಲಿ ಎಂದು ಅರ್ಥ. ಅಜ್ಜಿ, ಯಾವಾಗಲೂ ಎಂದೆಂದಿಗೂ ಸ್ತುತಿಯಾಗಲಿ ಎಂದು ಮರುನುಡಿದರು. ಅದಕ್ಕೆ ಅವರ ಮಾತಿನಲ್ಲಿ 'ಸ್ತುತಿ ಹೇಳುವುದು' ಎಂದೇ ಹೆಸರು.

ನಮ್ಮಲ್ಲಿಯೂ ಜಪಮಾಲೆಯಾದ ಮೇಲೆ ಮಕ್ಕಳು ಹಿರಿಯರ ಬಳಿ ಹೋಗುತ್ತಾರೆ, ಆದರೆ 'ಬೆಸಾಂವ್' ಎಂದರೆ ಆಶೀರ್ವಾದ ಕೇಳಲು. ನಾವು ಕೇಳುತ್ತೇವೆ, ಅವರು ಸ್ತುತಿಸುತ್ತಾರೆ. ಎರಡೂ ಒಳ್ಳೆಯದೇ. ಆದರೆ ಕಿರಿಯರೂ ಹಿರಿಯರೂ ಒಬ್ಬರಿಂದೊಬ್ಬರು ಏನನ್ನೂ ಪಡೆಯದೆ, ಇಬ್ಬರೂ ಒಟ್ಟಿಗೆ ಮೇಲೆ ನೋಡುವ ಆ ಕ್ರಮ ನನ್ನ ಮನಸ್ಸಿನಲ್ಲಿ ನಿಂತಿತು. ಇನ್ನೊಬ್ಬ ಸಹೋದ್ಯೋಗಿ ಇದ್ದರು, ಬಾಸೆಲ್ ಮಿಷನ್ ಪರಂಪರೆಯ ಪ್ರಾಟೆಸ್ಟಂಟರು. ಅವರ ಮುತ್ತಜ್ಜನ ಕಾಲದಿಂದ ಮನೆಯಲ್ಲಿ ಕನ್ನಡ ಬೈಬಲು. ಊಟದ ವಿರಾಮದಲ್ಲಿ ದಿನಕ್ಕೊಂದು ಕೀರ್ತನೆಯನ್ನು ತುಟಿ ಅಲ್ಲಾಡಿಸುತ್ತಾ ಓದುವರು. 150 ಮುಗಿದರೆ ಮತ್ತೆ ಒಂದರಿಂದ. "ಬೇಸರ ಬರುವುದಿಲ್ಲವೇ?" ಎಂದು ಕೇಳಿದ್ದಕ್ಕೆ, "ಮಾರಾಯರೇ, ನನ್ನ ಬಾಯಿಯ ಮಾತು ಮೂರು ದಿನಕ್ಕೆ ಮುಗಿಯುತ್ತದೆ. ಆದ್ದರಿಂದ ದಾವೀದನ ಬಾಯಿಯನ್ನು ಕಡ ತಂದುಕೊಳ್ಳುತ್ತೇನೆ" ಎಂದರು. ಈ ಎರಡು ಪಾಠಗಳನ್ನು ಕೇಳಿದೆ, ಮೆಚ್ಚಿದೆ, ಅಷ್ಟೇ. ನಮ್ಮಲ್ಲಿ ಬಹಳ ವಿದ್ಯಾರ್ಥಿಗಳು ಹಾಗೆಯೇ. ಪರೀಕ್ಷೆ ಬರುವವರೆಗೆ ಪುಸ್ತಕ ಬಿಡಿಸುವುದಿಲ್ಲ.

ಪರೀಕ್ಷೆ ಬಂದದ್ದು ಮೂಡಬಿದಿರೆಯಲ್ಲಿ. ನಿವೃತ್ತನಾಗಿ ಅಲ್ಲಿ ಸಣ್ಣ ಮನೆ ಕಟ್ಟಿಕೊಂಡೆವು. ರತ್ನಾಕರವರ್ಣಿಯ ಊರು, ಸಾವಿರ ಕಂಬದ ಬಸದಿಯ ಊರು, ಕನ್ನಡ ಪಂಡಿತನಿಗೆ ಇನ್ನೇನು ಬೇಕು? 2013ರ ಜುಲೈ ತಿಂಗಳ ಒಂದು ಬೆಳಿಗ್ಗೆ ನನ್ನ ಮಡದಿ ಅಡುಗೆಮನೆಯಲ್ಲಿ ಕುಸಿದಳು. ಪಾರ್ಶ್ವವಾಯು. ಬಲಗೈ, ಬಲಗಾಲು ಹೋದವು. ಅದಕ್ಕಿಂತ ದೊಡ್ಡದಾಗಿ ಮಾತು ಹೋಯಿತು. ನಲವತ್ತು ವರ್ಷ ಇಗರ್ಜಿಯ ಗಾಯನ ವೃಂದದಲ್ಲಿ ಹಾಡಿದವಳಿಗೆ 'ನೀರು' ಎಂಬ ಶಬ್ದ ಸಿಗುತ್ತಿರಲಿಲ್ಲ. ನನ್ನ ಹೆಸರು ಸಿಗುತ್ತಿರಲಿಲ್ಲ. ಹುಡುಕಿ ಹುಡುಕಿ ಕಣ್ಣಲ್ಲಿ ನೀರು ತುಂಬಿಕೊಂಡು ಸುಮ್ಮನಾಗುತ್ತಿದ್ದಳು.

ಆಗ ನಾನು ಪ್ರಾರ್ಥಿಸಿದ್ದೇನು? ಪಟ್ಟಿ. ಅವಳಿಗೆ ಮಾತು ಕೊಡು, ಕೈ ಕೊಡು, ನನಗೆ ಶಕ್ತಿ ಕೊಡು, ಆಸ್ಪತ್ರೆಯ ಖರ್ಚಿಗೆ ದಾರಿ ಕೊಡು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರಿಗೆ ಹರಕೆ ಹೇಳಿದೆ, ಮೇಣದ ಬತ್ತಿ ಹಚ್ಚಿದೆ. ಒಂದು ತಿಂಗಳಾದರೂ ಬದಲಾವಣೆ ಕಾಣದಾಗ ಪ್ರಾರ್ಥನೆಯನ್ನೇ ನಿಲ್ಲಿಸಿಬಿಟ್ಟೆ. ಅರ್ಜಿಗೆ ಉತ್ತರ ಬಾರದ ಕಚೇರಿಗೆ ಮತ್ತೆ ಮತ್ತೆ ಏಕೆ ಅಲೆಯಬೇಕು ಎಂಬ ಭಾವ.

ಆ ಸೆಪ್ಟೆಂಬರಿನಲ್ಲಿ ನೆರೆಯವರು ಒತ್ತಾಯಿಸಿ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮೊಂತಿಯ ಪ್ರಾರ್ಥನೆಗೆ ಕರೆದೊಯ್ದರು. ನಾನು ಹಿಂದೆ ನಿಂತಿದ್ದೆ. ಮಕ್ಕಳು ಹೂ ಎರಚುತ್ತಾ ಹಾಡಲಾರಂಭಿಸಿದರು. ಎರಡನೆಯ ಸಾಲಿಗೆ ಬಂದಾಗ ಪಕ್ಕದಲ್ಲಿ ಒಂದು ಪರಿಚಿತ ದನಿ ಕೇಳಿತು. ಮಡದಿ ಹಾಡುತ್ತಿದ್ದಳು. ತೊದಲು ಇಲ್ಲ, ಹುಡುಕಾಟ ಇಲ್ಲ, ಶಬ್ದದ ಮೇಲೆ ಶಬ್ದ. ಹಾಡು ಮುಗಿಯಿತು. ನಾನು ಬಾಗಿ ಅವಳ ಮುಖ ನೋಡಿದೆ. ಏನೋ ಹೇಳಲು ಬಾಯಿ ತೆರೆದಳು, ಶಬ್ದ ಬರಲಿಲ್ಲ.

ಮಾತಿನ ಚಿಕಿತ್ಸೆಯವರನ್ನು ಕೇಳಿದಾಗ ಅವರು ವಿವರಿಸಿದರು: ಹೀಗೆ ಮಾತು ಕಳೆದುಕೊಂಡ ಅನೇಕರಲ್ಲಿ ಹಾಡು, ಬಾಯಿಪಾಠದ ಪ್ರಾರ್ಥನೆ, ಎಣಿಕೆ ಉಳಿದಿರುತ್ತವೆ. ಆಡುಮಾತು ಬಹುಮಟ್ಟಿಗೆ ಮೆದುಳಿನ ಎಡಭಾಗವನ್ನು ಅವಲಂಬಿಸಿದೆ, ಹಾಡಿಗೆ ಬೇರೆ ದಾರಿಯೂ ಇದೆ. ಇದು ಪವಾಡವಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ನಾನೂ ಪವಾಡ ಎನ್ನುವುದಿಲ್ಲ. ಆದರೆ ರಾತ್ರಿ ನಿದ್ರೆ ಬರಲಿಲ್ಲ. ನೀರು ಕೇಳಲಾರದವಳು ಸ್ತುತಿಸಬಲ್ಲಳು! 'ಮ್ಹಾಕಾ', ಎಂದರೆ 'ನನಗೆ', ಎಂಬ ಶಬ್ದವೇ ಬಾರದವಳ ಬಾಯಲ್ಲಿ ಉಳಿದದ್ದು ದೇವರ ಹಾಡು. ನನ್ನ ಬಾಯಲ್ಲಿ ಎಲ್ಲ ಶಬ್ದಗಳೂ ಇದ್ದವು. ನನ್ನ ಪ್ರಾರ್ಥನೆಯಲ್ಲಿ ಮಾತ್ರ 'ನನಗೆ' ಬಿಟ್ಟರೆ ಬೇರೇನೂ ಇರಲಿಲ್ಲ.

ವ್ಯಾಕರಣ ಕಲಿಸಿದವನಿಗೆ ಅಲ್ಲಿಯೇ ಪಾಠ ಹೊಳೆಯಿತು. ನಿಮಗೆ ನಾನು ವಿಭಕ್ತಿ ಕಲಿಸಿದ್ದೇನೆ. 'ನನಗೆ', 'ಮನೆಗೆ', 'ಮಗನಿಗೆ', ಇವು ಚತುರ್ಥಿ. ಬೇಡುವ ಪ್ರಾರ್ಥನೆಯೆಲ್ಲ ಚತುರ್ಥಿ ವಿಭಕ್ತಿ, ವಿಧ್ಯರ್ಥಕ ಕ್ರಿಯಾಪದ: ನನಗೆ ಕೊಡು, ಮಗನಿಗೆ ಕರುಣಿಸು. ಕೃತಜ್ಞತೆಯ ಪ್ರಾರ್ಥನೆ ಭೂತಕಾಲದ್ದು: ನೀನು ಕೊಟ್ಟೆ, ನೀನು ಕಾಪಾಡಿದೆ. ಸ್ತುತಿಗೆ ಕನ್ನಡದಲ್ಲಿ ಕ್ರಿಯಾಪದವೇ ಬೇಡ: ನೀನು ದಯಾಳು. ನೀನು ದೊಡ್ಡವನು. ಕರ್ತೃಪದವಿದೆ, ಅವನ ಗುಣವಿದೆ, ವಾಕ್ಯ ಮುಗಿಯಿತು. ಅಲ್ಲಿ ನಾನಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಬೋಧನಾ ಗ್ರಂಥವೂ ಇದೇ ವ್ಯತ್ಯಾಸವನ್ನು ಹೇಳುತ್ತದೆ: ಸ್ತುತಿ ದೇವರು ಮಾಡಿದ ಉಪಕಾರಕ್ಕಾಗಿ ಅಲ್ಲ, ಅವನು ಇರುವುದಕ್ಕಾಗಿಯೇ. 'ಭತ್ತ ಹೋಯಿತು, ದೇವರು ಎಲ್ಲಿಗೆ ಹೋದ' ಎಂದು ಅಮ್ಮ ಹೇಳಿದ್ದು ಇದನ್ನೇ. ಬೋಧನಾ ಗ್ರಂಥ ಬರುವುದಕ್ಕೆ ಹದಿನೆಂಟು ವರ್ಷ ಮೊದಲು ಅವಳು ಅದನ್ನು ಒಲೆಯ ಮುಂದೆ ಹೇಳಿದ್ದಳು.

ಅಂದಿನಿಂದ ನಾನು ಅಭ್ಯಾಸ ಆರಂಭಿಸಿದೆ. ಅಭ್ಯಾಸ ಎಂದೇ ಹೇಳುತ್ತೇನೆ, ಏಕೆಂದರೆ ಅದು ಮಗ್ಗಿಯಂತೆ, ದಿನವೂ ಮಾಡಿದರೆ ಮಾತ್ರ ಬರುತ್ತದೆ. ನನಗೆ ಉಪಯೋಗಕ್ಕೆ ಬಂದ ಕೆಲವು ಕ್ರಮಗಳನ್ನು ಬರೆಯುತ್ತೇನೆ.

ಮೊದಲನೆಯದು, ಎಣಿಸುವುದು. ನಿಮ್ಮ ಪ್ರಾರ್ಥನೆಯಲ್ಲಿ ಎಷ್ಟು 'ನನಗೆ' ಬಂದವೆಂದು ಒಂದು ವಾರ ಎಣಿಸಿರಿ. ತಿದ್ದಲು ಹೋಗಬೇಡಿ, ಎಣಿಸಿದರೆ ಸಾಕು. ಬೇಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಯೇಸುಸ್ವಾಮಿ ಕಲಿಸಿದ 'ಆಮ್ಚ್ಯಾ ಬಾಪಾ' ಪ್ರಾರ್ಥನೆಯಲ್ಲಿ ಏಳು ಬಿನ್ನಹಗಳಿವೆ. ಮೊದಲ ಮೂರು ದೇವರ ನಾಮ, ರಾಜ್ಯ, ಚಿತ್ತ ಇವುಗಳ ವಿಷಯ. ಅನ್ನದ ವಿಷಯ ಬರುವುದು ನಾಲ್ಕನೆಯದಾಗಿ. ಅನ್ನ ಕೇಳಬಾರದೆಂದಲ್ಲ, ಮೊದಲ ಮೂರನ್ನು ಹಾರಿಸಬಾರದು.

ಎರಡನೆಯದು, ಬೇರೆಯವರ ಬಾಯಿಯನ್ನು ಕಡ ತರುವುದು. ದಿನಕ್ಕೊಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿರಿ. ಮೊದಲಿಗೆ 148ನೆಯದನ್ನು ಹಿಡಿಯಿರಿ. ಅದರಲ್ಲಿ ಸೂರ್ಯ ಚಂದ್ರರಿಂದ ಹಿಡಿದು ಹಣ್ಣಿನ ಮರ, ದನಕರು, ಹಕ್ಕಿ, ಮುದುಕರು, ಮಕ್ಕಳವರೆಗೆ ಎಲ್ಲರನ್ನೂ ಸ್ತುತಿಗೆ ಕರೆಯುತ್ತಾರೆ. ನಾನು ಅದನ್ನು ನಮ್ಮ ಅಂಗಳದಲ್ಲಿ ನಿಂತು ಹೇಳಿಕೊಳ್ಳುವಾಗ ನಮ್ಮ ಹಲಸು, ಅಡಿಕೆ, ಕೆಂಬೂತ, ಆಟಿಯ ಮಳೆ ಇವುಗಳನ್ನೂ ಸೇರಿಸುತ್ತೇನೆ.

ಮೂರನೆಯದು, ಅಳುವುದನ್ನು ಬಿಡದಿರುವುದು. ಹೀಬ್ರೂ ಭಾಷೆಯಲ್ಲಿ ಕೀರ್ತನೆಗಳ ಗ್ರಂಥಕ್ಕೆ ತೆಹಿಲ್ಲೀಂ, ಅಂದರೆ 'ಸ್ತುತಿಗಳು', ಎಂದು ಹೆಸರು. ಆದರೆ ಒಳಗೆ ಎಣಿಸಿದರೆ ಗೋಳಿನ ಹಾಡುಗಳೇ ಬಹಳ. 13ನೆಯದು 'ಎಷ್ಟು ಕಾಲ' ಎಂಬ ದೂರಿನಿಂದ ಆರಂಭವಾಗಿ ಆರೇ ವಚನಗಳಲ್ಲಿ ಹಾಡಿಗೆ ಬಂದು ನಿಲ್ಲುತ್ತದೆ. 88ನೆಯದು ಕೊನೆಯವರೆಗೂ ಕತ್ತಲೆಯಲ್ಲೇ ಇದೆ. ಅದನ್ನೂ ಸ್ತುತಿಗಳ ಪುಸ್ತಕದಲ್ಲಿಯೇ ಇಟ್ಟಿದ್ದಾರೆ. ಇದು ನನಗೆ ದೊಡ್ಡ ಸಮಾಧಾನ. ನಗುಮುಖ ಹಾಕಿಕೊಂಡು ಸ್ತುತಿಸಬೇಕಾಗಿಲ್ಲ.

ನಾಲ್ಕನೆಯದು ನನ್ನದೇ ಮೇಸ್ಟರಿಕೆ. 119ನೆಯ ಕೀರ್ತನೆಯನ್ನು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ, ಒಂದೊಂದಕ್ಕೆ ಎಂಟರಂತೆ 176 ವಚನಗಳಲ್ಲಿ ಕಟ್ಟಿದ್ದಾರೆ. ನಮ್ಮಲ್ಲಿ 49 ಅಕ್ಷರಗಳಿವೆಯಲ್ಲ! ದಿನಕ್ಕೊಂದು ಅಕ್ಷರ, ಅದರಿಂದ ಆರಂಭವಾಗುವ ದೇವರ ಒಂದು ಗುಣ, ಅಥವಾ ಅವನನ್ನು ನೆನಪಿಸುವ ಒಂದು ವಸ್ತು. ಅ ಎಂದರೆ ಅಳತೆಗೆ ಸಿಗದವನು. ಆ ಎಂದರೆ ಆಸರೆ. ಇ ಎಂದರೆ ಇರುವವನು. ಬ ಬಂದ ದಿನ 'ಬಚ್ಚಲ ಒಲೆಯ ಬಿಸಿನೀರು' ಎಂದು ಬರೆದೆ. ಮಡದಿಗೆ ಸ್ನಾನ ಮಾಡಿಸಿ ಬಂದಿದ್ದೆ.

ಅವಳು ಮತ್ತೆ ಮೂರೂವರೆ ವರ್ಷ ಬದುಕಿದಳು. ಮಾತು ಹಿಂದಿರುಗಲಿಲ್ಲ. ಪ್ರತಿ ಸಂಜೆ ಜಪಮಾಲೆಯಾದ ಮೇಲೆ ಇಬ್ಬರೂ ಒಂದು ಹಾಡು ಹಾಡುತ್ತಿದ್ದೆವು. ನನ್ನ ಶ್ರುತಿ ತಪ್ಪಿದರೆ ಎಡಗೈಯಿಂದ ಮಂಚ ತಟ್ಟಿ ಸರಿಪಡಿಸುವಳು. 2017ರ ಮಾರ್ಚಿನಲ್ಲಿ, ನಾವು ಕರೆಜ್ಮ್ ಎನ್ನುವ ತಪಸ್ಸುಕಾಲದಲ್ಲಿ, ತೀರಿಕೊಂಡಳು. ತಪಸ್ಸುಕಾಲದಲ್ಲಿ ನಮ್ಮ ಆರಾಧನೆಯಲ್ಲಿ 'ಅಲ್ಲೆಲೂಯ' ಹಾಡುವುದಿಲ್ಲ. ಅವಳ ಅಂತ್ಯಸಂಸ್ಕಾರದ ಪೂಜೆಯಲ್ಲಿಯೂ ಅದು ಇರಲಿಲ್ಲ. ನನಗೆ ಅದೇ ಸರಿಯೆನಿಸಿತು. ಮುಂದಿನ ತಿಂಗಳು ಪಾಸ್ಕದ ರಾತ್ರಿ, ವಾರಗಟ್ಟಲೆ ನಿಂತಿದ್ದ ಅಲ್ಲೆಲೂಯವನ್ನು ಗುರುಗಳು ಮೂರು ಬಾರಿ ದನಿಯೇರಿಸಿ ಹಾಡಿದರು, ಜನ ಮರುಹಾಡಿದರು. ನನ್ನ ಬಾಯಿ ತೆರೆಯಲಿಲ್ಲ. ಇಷ್ಟೆಲ್ಲ ಅಭ್ಯಾಸ ಮಾಡಿದವನಿಗೆ ಒಂದು ಶಬ್ದ ಬರಲಿಲ್ಲ. ಸುತ್ತಲೂ ನೂರಾರು ಜನ ಹಾಡಿದರು. ಗಾಯನ ವೃಂದದ ಹೆಂಗಸರು ಅವಳು ನಿಲ್ಲುತ್ತಿದ್ದ ಜಾಗವನ್ನು ಖಾಲಿ ಬಿಟ್ಟು ಹಾಡಿದರು. ನನ್ನ ಪಾಲನ್ನೂ ಅವರೇ ಹಾಡಿದರೆಂದು ತಿಳಿದುಕೊಂಡೆ. ಇದನ್ನು ಐದನೆಯ ಕ್ರಮವೆಂದು ಬರೆದುಕೊಳ್ಳಿ: ಬಾಯಿ ಬಾರದ ದಿನ, ಹಾಡುವವರ ನಡುವೆ ಹೋಗಿ ನಿಲ್ಲುವುದು.

ಈಗ ಆ ಹುಡುಗನ ಬಾಕಿ. ತಮ್ಮಾ, ನೀನು ಕೇಳಿದ್ದು ಸರಿಯಾಗಿತ್ತು. ಪಟೇಲರಿಗೆ ಹೊಗಳಿಕೆ ಬೇಕು, ದೇವರಿಗೆ ಬೇಡ. ನಮ್ಮ ಬಲಿಪೂಜೆಯ ಒಂದು ಪ್ರಾರ್ಥನೆಯೇ ಇದನ್ನು ಒಪ್ಪಿಕೊಳ್ಳುತ್ತದೆ. ನಮ್ಮ ಸ್ತುತಿಯಿಂದ ದೇವರ ಹಿರಿಮೆಗೆ ಏನೂ ಕೂಡುವುದಿಲ್ಲ, ಲಾಭವೆಲ್ಲ ನಮಗೆ ಎಂಬುದು ಅದರ ಭಾವ. ಪಟೇಲರನ್ನು ಹೊಗಳುವವನ ಕಣ್ಣು ಕೆಲಸದ ಮೇಲಿರುತ್ತದೆ. ಅದು ಚತುರ್ಥಿಯೇ, ಮೇಲೆ ಪ್ರಥಮೆಯ ಅಂಗಿ ತೊಟ್ಟಿರುತ್ತದೆ. ಕೆಲಸವೇ ಆಗುವುದಿಲ್ಲವೆಂದು ಗೊತ್ತಾದ ಮೇಲೂ, ಗದ್ದೆಯ ಮೇಲೆ ಮರಳು ಕುಳಿತ ಮೇಲೂ, 'ನೀನು ಒಳ್ಳೆಯವನು' ಎನ್ನಬಲ್ಲವನಿಗೆ ಮಾತ್ರ ಸ್ತುತಿ ತಿಳಿದಿದೆ. ನನ್ನ ತಾಯಿಗೆ ತಿಳಿದಿತ್ತು. ನನ್ನ ಮಡದಿಗೆ ತಿಳಿದಿತ್ತು. ನಾನು ಇನ್ನೂ ಕಲಿಯುತ್ತಿದ್ದೇನೆ. ಕೆಲವು ದಿನ ಅದು ಬರುತ್ತದೆ, ಕೆಲವು ದಿನ ಬರುವುದಿಲ್ಲ. 1986ರಲ್ಲಿ ಇಷ್ಟಾದರೂ ಹೇಳಬೇಕಿತ್ತು. ಕುಳ್ಳಿರಿಸಿದ್ದಕ್ಕೆ ಕ್ಷಮೆಯಿರಲಿ.

ನೀವು ಯಾವ ದೇವರನ್ನು ನೆನೆಯುವವರಾದರೂ ಅಕ್ಷರಮಾಲೆಯ ಕ್ರಮವನ್ನು ಮಾಡಿ ನೋಡಬಹುದು. 2017ರ ಪಾಸ್ಕದ ಮರುದಿನ ಮತ್ತೆ 'ಅ'ದಿಂದ ಆರಂಭಿಸಿದವನು ಇಂದಿನವರೆಗೆ ಬಿಟ್ಟಿಲ್ಲ. 49 ದಿನ, ಸರಿಯಾಗಿ ಏಳು ವಾರಕ್ಕೆ ಒಂದು ಸುತ್ತು. ಒಂದೇ ತೊಂದರೆ: ಙ, ಞ, ಣ, ಳ ಬಂದ ದಿನ ಕನ್ನಡದಲ್ಲಿ ಶಬ್ದ ಸಿಗುವುದಿಲ್ಲ. ಆ ದಿನಗಳಲ್ಲಿ ನಾನು ಅಂಗಳದ ಕುರ್ಚಿಯಲ್ಲಿ ಸುಮ್ಮನೆ ಕುಳಿತುಕೊಳ್ಳುತ್ತೇನೆ. ಶಬ್ದ ಸಿಗದೆ ಸುಮ್ಮನಾಗುತ್ತಿದ್ದವಳ ಜೊತೆ ಕುಳಿತಂತೆ ಆಗುತ್ತದೆ.

ಇಂದು ಳ. ನಾಳೆ ಮತ್ತೆ ಅ.